ನೌಕಾಬಲದ ಎರಡನೆಯ ಪೀಠ

ಮನ್ನಾಏಖೇಳ್ಳಿಯಿಂದ ಅರಬ್ಬೀ ಸಮುದ್ರ ನೂರಾರು ಕಿಲೋಮೀಟರ್ ದೂರದಲ್ಲಿದೆ. ಹುಮನಾಬಾದಿನಿಂದ ಜಹೀರಾಬಾದಿನತ್ತ ಸಾಗುವ ಹೆದ್ದಾರಿಯ ಮೇಲಿರುವ ಈ ಊರಿನಲ್ಲಿ ತೊಗರಿ, ಕಡಲೆ, ಉದ್ದಿನ ಲಾರಿಗಳು ಓಡಾಡುತ್ತವೆಯೇ ಹೊರತು ಹಡಗಿನ ಮಾತು ಅಪರೂಪ. ಆದರೂ ನೌಕಾಬಲದ ಒಂದು ಹುದ್ದೆಯ ಚರಿತ್ರೆ ಇಲ್ಲಿನ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತವರಿಗೆ ಅಪರಿಚಿತವೆನಿಸಲಾರದು. ಸಾಹುಕಾರರು ಸೋಲಾಪುರಕ್ಕೋ ಹೈದರಾಬಾದಿಗೋ ಹೋದ ದಿನ ಪಟ್ಟಿಗೆ ಸಹಿ ಹಾಕುವವರು ಯಾರು? ದರ ಕುಸಿದರೆ ಮಾಲನ್ನು ಹಿಡಿದಿಡಬೇಕೋ ಮಾರಬೇಕೋ ಎಂದು ತೀರ್ಮಾನಿಸುವವರು ಯಾರು? ಸಾಹುಕಾರರು ಮರಳಿ ಬಾರದೇ ಹೋದರೆ ಗಾದಿ ಯಾರ ಪಾಲಾಗುತ್ತದೆ? ಅಂಗಡಿಯ ಮುನೀಮನ ಸುತ್ತ ಹುಟ್ಟುವ ಈ ಪ್ರಶ್ನೆಗಳೇ ಶತಮಾನಗಳಿಂದ ಕಡಲ ಮೇಲೆಯೂ ಹುಟ್ಟಿವೆ. ಅಲ್ಲಿ ಉತ್ತರ ತಪ್ಪಿದಾಗ ಹಾನಿಯಾದುದು ಒಂದು ಹಂಗಾಮಿನ ಲಾಭಕ್ಕಷ್ಟೇ ಅಲ್ಲ, ಹಡಗುಗಳಿಗೆ, ಬಂದರುಗಳಿಗೆ, ಕೆಲವೊಮ್ಮೆ ಇಡೀ ರಾಜ್ಯಕ್ಕೆ.

ನೌಕಾಧಿಪತಿಯ ಕೆಳಗೆ, ಉಳಿದೆಲ್ಲರ ಮೇಲೆ ಇರುವ ಈ ಸ್ಥಾನವನ್ನು ಇಲ್ಲಿ ಉಪಾಧಿಪತಿಯ ಹುದ್ದೆ ಎಂದು ಕರೆಯೋಣ. ಕಾಲಕಾಲಕ್ಕೆ ಅದರ ಹೆಸರು ಬದಲಾಗಿದೆ. ತೊಡಕು ಮಾತ್ರ ಬದಲಾಗಿಲ್ಲ.

ಈ ಕಥೆಯ ಮೊದಲ ಪುಟ ಬೀದರಿನಲ್ಲಿಯೇ ತೆರೆದುಕೊಳ್ಳುತ್ತದೆ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗಾವಾನ್ ಮೂಲತಃ ವ್ಯಾಪಾರಿ. ‘ಮಲಿಕ್-ಉತ್-ತುಜ್ಜಾರ್’, ಅಂದರೆ ವರ್ತಕರ ಒಡೆಯ ಎಂಬ ಬಿರುದು ಅವನಿಗಿತ್ತು. ಬೀದರಿನಲ್ಲಿ ಅವನ ಮದರಸಾ ಪೂರ್ಣಗೊಂಡ 1472ರಲ್ಲಿಯೇ ಗೋವಾ ಬಂದರು ನೆಲ ಜಲಗಳೆರಡರಿಂದಲೂ ನಡೆದ ಮುತ್ತಿಗೆಯಲ್ಲಿ ಬಹಮನಿಗಳ ವಶವಾಯಿತು. ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರದು. ವಿಜಯನಗರದಿಂದ ಅದನ್ನು ಕಸಿದುಕೊಂಡದ್ದು ಯುದ್ಧದ ಗೆಲುವಾಗಿದ್ದಷ್ಟೇ ವಾಣಿಜ್ಯದ ಗೆಲುವೂ ಆಗಿತ್ತು. ಆದರೆ ಬೀದರಿನಲ್ಲಿ ಕುಳಿತು ಕಡಲನ್ನು ಆಳುವುದೆಂದರೆ ಪ್ರತಿನಿಧಿಗಳ ಮೂಲಕ ಆಳುವುದು. ಗೋವಾದ ಹೊಣೆ ಕಿಶ್ವರ್ ಖಾನನಿಗೆ ಸೇರಿತು. ಅವನು ತನ್ನ ಪರವಾಗಿ ನಜ್ಮುದ್ದೀನ್ ಗೀಲಾನಿಯನ್ನು ಅಲ್ಲಿ ಇರಿಸಿದನು. ಗೀಲಾನಿಯ ಕೈಕೆಳಗೆ ಬಹಾದೂರ್ ಗೀಲಾನಿ ಎಂಬ ಅಧಿಕಾರಿ ಇದ್ದನು. ಹೀಗೆ ಅಧಿಕಾರ ಒಬ್ಬರಿಂದ ಒಬ್ಬರಿಗೆ ಇಳಿಯುತ್ತ ಹೋಯಿತು. 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಗಾವಾನನ ತಲೆ ಉರುಳಿದ ಮೇಲೆ ಸರಪಳಿಯ ಮೇಲಿನ ಕೊಂಡಿಯೇ ಕಳಚಿಬಿತ್ತು. ನಜ್ಮುದ್ದೀನ್ ತೀರಿಕೊಂಡಾಗ ಯಾರ ಅಪ್ಪಣೆಗೂ ಕಾಯದೆ ಬಹಾದೂರ್ ಗೀಲಾನಿ ಗೋವಾವನ್ನು ತನ್ನದಾಗಿಸಿಕೊಂಡನು. ಅವನ ಹಡಗುಗಳು ಗುಜರಾತಿನ ವರ್ತಕರ ನಾವೆಗಳನ್ನು ಸುಲಿದವು. ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾ ಬೀದರಿಗೆ ದೂರು ಕಳುಹಿಸಿದನು. ಬಹಮನಿ ಸುಲ್ತಾನನು ತನ್ನ ಸರದಾರರ ನೆರವಿನಿಂದ ದಂಡೆತ್ತಿ ಹೋಗಿ 1494ರಲ್ಲಿ ಗೀಲಾನಿಯನ್ನು ಕೊಲ್ಲಿಸಬೇಕಾಯಿತು. ಅಷ್ಟರಲ್ಲಿ ಬೀದರಿನ ರಾಜ್ಯವೇ ಹೋಳಾಗತೊಡಗಿತ್ತು.

ಗೀಲಾನಿ ದ್ರೋಹಿಯೆಂಬುದರಲ್ಲಿ ಚರಿತ್ರಕಾರರಿಗೆ ಸಂಶಯವಿಲ್ಲ. ಲೆಕ್ಕಪತ್ರ ನೋಡುವವರ ಕಣ್ಣಿಗೆ ಮಾತ್ರ ಅಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಮೇಲಿನವನು ಸತ್ತರೆ ಬಂದರು, ಹಡಗು, ಸುಂಕದ ಹಣ ಯಾರ ವಶಕ್ಕೆ ಹೋಗಬೇಕೆಂಬುದು ನಿಶ್ಚಿತವಾಗಿದ್ದರೆ ಅವನಿಗೆ ಅಷ್ಟು ಸುಲಭದ ದಾರಿ ದೊರೆಯುತ್ತಿರಲಿಲ್ಲ.

ಯೂರೋಪಿನ ನೌಕಾಪಡೆಗಳು ಈ ಹೊತ್ತಿಗೆ ಇನ್ನೂ ಹುದ್ದೆಗಳಿಗೆ ಹೆಸರಿಡುತ್ತಿದ್ದವು. ‘ಅಡ್ಮಿರಲ್’ ಎಂಬ ಪದ ಅರಬ್ಬಿಯ ‘ಅಮೀರ್’ ಎಂಬುದರಿಂದ ಬಂದದ್ದು. ‘ವೈಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಬದಲಿಗೆ’, ‘ಸ್ಥಾನದಲ್ಲಿ’ ಎಂದರ್ಥ. ಹಾಗಾಗಿ ವೈಸ್ ಅಡ್ಮಿರಲ್ ಎಂಬ ದರ್ಜೆಯ ಹೆಸರೇ ಮೊದಲಿಗೆ ಉಪಾಧಿಪತಿಯ ಹೆಸರಾಗಿತ್ತು. ಇಂಗ್ಲೆಂಡಿನಲ್ಲಿ ಹಾಯಿ ಹಡಗುಗಳ ಪಡೆ ಸಾಲುಗಟ್ಟಿ ಹೊರಟಾಗ ನಡುವಿನ ವಿಭಾಗದಲ್ಲಿ ಅಡ್ಮಿರಲ್, ಮುಂಚೂಣಿಯಲ್ಲಿ ವೈಸ್ ಅಡ್ಮಿರಲ್, ಹಿಂಬದಿಯಲ್ಲಿ ರಿಯರ್ ಅಡ್ಮಿರಲ್ ಇರುತ್ತಿದ್ದರು. ಇಂದು ಇವು ಬಡ್ತಿಯ ಮೆಟ್ಟಿಲುಗಳಷ್ಟೇ ಆಗಿ ಉಳಿದಿದ್ದರೂ ಆಗ ಅವು ಸಾಲಿನಲ್ಲಿ ಯಾರ ಜಾಗ ಎಲ್ಲಿ ಎಂಬುದನ್ನು ಹೇಳುವ ಪದಗಳಾಗಿದ್ದವು. ಮೇಲಿನವನು ಗುಂಡಿಗೆ ಬಲಿಯಾದರೆ ಪತಾಕೆ ಯಾರ ಹಡಗಿಗೆ ಹೋಗಬೇಕೆಂಬುದು ಹೊಸ ನಾವಿಕನಿಗೂ ತಿಳಿದಿರುತ್ತಿತ್ತು.

ಮೈಸೂರಿನಲ್ಲಿ ಇಂಥ ತಿಳಿವಳಿಕೆ ಬೆಳೆಯಲು ಕಾಲಾವಕಾಶವಿರಲಿಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಹೊನ್ನಾವರ, ಮಂಗಳೂರು ಮುಂತಾದ ಬಂದರುಗಳು ಒಮ್ಮೆಗೇ ಕೈಸೇರಿದವು. ಕುದುರೆಯ ಮೇಲೆ ಬೆಳೆದ ದಂಡನಾಯಕನಿಗೆ ಕಡಲು ಹೊಸದು. ಅವನು ಕಣ್ಣಾನೂರಿನ ಅಲಿ ರಾಜನನ್ನು ನೌಕಾಧಿಪತಿಯಾಗಿ ನೇಮಿಸಿದನು. ಅಲಿ ರಾಜನ ಸೋದರ ಶೇಖ್ ಅಲಿಗೆ ನೌಕಾಖಾತೆ, ಬಂದರುಗಳು ಹಾಗೂ ಕಡಲ ವ್ಯಾಪಾರದ ಮೇಲ್ವಿಚಾರಣೆ ದೊರೆಯಿತು ಎಂದು ಹೈದರನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಮೇಸ್ತ್ರ್ ದ ಲಾ ಟೂರ್ ಬರೆದಿದ್ದಾನೆ. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಒಬ್ಬನು ಹಡಗುಗಳೊಂದಿಗೆ ಕಡಲಿನಲ್ಲಿ, ಇನ್ನೊಬ್ಬನು ಸುಂಕ, ಸರಕು, ಮರಮುಟ್ಟುಗಳ ಲೆಕ್ಕದೊಂದಿಗೆ ದಡದಲ್ಲಿ. ಆದರೆ ಇಬ್ಬರೂ ಒಂದೇ ಮನೆಯವರು. ಅಣ್ಣನ ಮೇಲಿನ ವಿಶ್ವಾಸ ಹೋದ ದಿನ ತಮ್ಮನ ಹುದ್ದೆಗೂ ನೆಲೆ ಇರುವುದಿಲ್ಲ. ಕುಟುಂಬದ ವ್ಯವಹಾರ ನಡೆಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ದಿನ ಬೇಗನೆ ಬಂದಿತು. ಅಲಿ ರಾಜನು ಮಾಲ್ಡೀವ್ಸ್ ದ್ವೀಪಗಳನ್ನು ಗೆದ್ದು, ಅಲ್ಲಿನ ಸುಲ್ತಾನನ ಕಣ್ಣು ಕೀಳಿಸಿ ಹೈದರನ ಮುಂದೆ ತಂದು ನಿಲ್ಲಿಸಿದನೆಂದೂ, ಆ ಕ್ರೌರ್ಯಕ್ಕೆ ಸಿಟ್ಟಾದ ಹೈದರನು ಅವನನ್ನು ಹುದ್ದೆಯಿಂದ ಇಳಿಸಿದನೆಂದೂ ಅದೇ ಫ್ರೆಂಚ್ ಬರಹ ಹೇಳುತ್ತದೆ. ಮುಂದೆ ನೌಕಾಪಡೆಯ ಮೇಲೆ ಲುತ್ಫ್ ಅಲಿ ಬೇಗ್ ಎಂಬ ಅಶ್ವದಳದ ಸರದಾರನನ್ನು ಕೂರಿಸಲಾಯಿತು. ಅಲ್ಲಿದ್ದ ಹಡಗುಗಳ ಕಪ್ತಾನರು ನೀರಿನ ಮೇಲೆ ತಲೆ ನರೆಸಿದವರು. ಅವರ ಮೇಲೆ ಬಂದವನಿಗೆ ಹಾಯಿಯ ಹಗ್ಗದ ಪರಿಚಯವಿರಲಿಲ್ಲ. ಅವನಿಗೂ ಕಪ್ತಾನರಿಗೂ ನಡುವೆ ನಿಂತು ಇಬ್ಬರ ಮಾತನ್ನೂ ಇಬ್ಬರಿಗೂ ಮುಟ್ಟಿಸಬಲ್ಲ, ಕಡಲನ್ನು ಬಲ್ಲ ಎರಡನೆಯ ಅಧಿಕಾರಿ ಬೇಕಾಗಿದ್ದನು. ಅಂಥವನು ಇರಲಿಲ್ಲ. 1768ರಲ್ಲಿ ಮೊದಲನೆಯ ಮೈಸೂರು ಯುದ್ಧದ ಸಂದರ್ಭದಲ್ಲಿ ಮುಂಬಯಿಯ ಇಂಗ್ಲಿಷ್ ಪಡೆ ಹೊನ್ನಾವರದ ಕಡಲಿನಲ್ಲಿ ಕಾಣಿಸಿಕೊಂಡಾಗ ಹೈದರನ 2 ದೊಡ್ಡ ಹಡಗುಗಳು, 2 ಗುರಾಬುಗಳು, 10 ಗಲ್ಬತ್ತುಗಳು ಕಾದಾಡದೆಯೇ ಶತ್ರುವಿನ ಕಡೆ ಸೇರಿಕೊಂಡವು. ಕಪ್ತಾನರ ಅಸಮಾಧಾನವೇ ಅದಕ್ಕೆ ಕಾರಣವೆಂದು ಇಂಗ್ಲಿಷರ ನೌಕಾ ಚರಿತ್ರೆಗಳು ದಾಖಲಿಸಿವೆ. ಮಂಗಳೂರು ಅವರ ವಶವಾಯಿತು. ಹೈದರನು ಅದನ್ನು ಮರಳಿ ಪಡೆದದ್ದು ನೆಲದ ಮೇಲಿನ ದಂಡಿನ ಬಲದಿಂದ.

ಹೈದರನು ಸುಮ್ಮನೆ ಕೂರಲಿಲ್ಲ. ಮತ್ತೆ ಹಡಗು ಕಟ್ಟಿಸಿದನು, ಯೂರೋಪಿನ ಕುಶಲಿಗಳನ್ನು ಕರೆಸಿದನು, ಭಟ್ಕಳದಲ್ಲಿ ನೌಕಾನೆಲೆಗಾಗಿ ಕೆಲಸ ಆರಂಭಿಸಿದನು. ಆ ಶ್ರಮವೆಲ್ಲ 1780ರ ಡಿಸೆಂಬರ್ 8ರಂದು ಮಂಗಳೂರಿನ ಬಂದರಿನಲ್ಲಿ ಸುಟ್ಟು ಬೂದಿಯಾಯಿತು. ಸುಟ್ಟವನು ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್. ಅಲ್ಲಿಂದ ಮುಂದೆ ಹೈದರನಿಗೆ ಕಡಲಿನ ಬಲವೆಂದರೆ ಫ್ರೆಂಚರ ಹಡಗುಗಳೇ. ಉಪಾಧಿಪತಿಯ ಹುದ್ದೆಯ ಬೆಲೆಯನ್ನು ಮೈಸೂರು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಈ ಫ್ರೆಂಚ್ ಪಡೆಯಲ್ಲಿ.

1781ರ ಆರಂಭದಲ್ಲಿ ಕೌಂಟ್ ದೋರ್ವ್ ಎಂಬ ಫ್ರೆಂಚ್ ನೌಕಾಧಿಪತಿ ಕೋರಮಂಡಲ ತೀರಕ್ಕೆ ಬಂದನು. ಆಗ ಜನರಲ್ ಐರ್ ಕೂಟನ ಇಂಗ್ಲಿಷ್ ದಂಡು ಕಡಲೂರಿನ ಬಳಿ ಆಹಾರಕ್ಕಾಗಿ ಕಡಲನ್ನೇ ನಂಬಿಕೊಂಡಿತ್ತು. ನೆಲದ ದಾರಿಗಳನ್ನು ಹೈದರನ ಕುದುರೆ ಸವಾರರು ಮುಚ್ಚಿದ್ದರು. ಹ್ಯೂಸನ ಹಡಗುಗಳು ಇನ್ನೂ ಪಶ್ಚಿಮ ಕರಾವಳಿಯಲ್ಲಿದ್ದವು. ಫ್ರೆಂಚ್ ಪಡೆ ಕೆಲವು ವಾರ ಅಲ್ಲಿ ಲಂಗರು ಹಾಕಿ ನಿಂತಿದ್ದರೆ ಕೂಟನ ಸೈನ್ಯ ಹಸಿವಿನಿಂದಲೇ ಶರಣಾಗಬೇಕಾಗಿತ್ತು ಎಂಬುದು ಯುದ್ಧ ಚರಿತ್ರಕಾರರ ಸಾಮಾನ್ಯ ಅಭಿಪ್ರಾಯ. ಹೈದರನು ಪರಿಪರಿಯಾಗಿ ಕೇಳಿಕೊಂಡರೂ ದೋರ್ವ್ ಫೆಬ್ರವರಿಯಲ್ಲಿ ಲಂಗರೆತ್ತಿ ಮಾರಿಷಸ್ ದ್ವೀಪಕ್ಕೆ ಹೊರಟುಹೋದನು. ಕೈಗೆ ಬಂದ ಅವಕಾಶ ಬಾಯಿಗೆ ಬರಲಿಲ್ಲ. ಅದೇ ವರ್ಷ ಜುಲೈಯಲ್ಲಿ ಪೋರ್ಟೊ ನೋವೋ ಎಂಬಲ್ಲಿ ಹೈದರನು ಕೂಟನಿಗೆ ಸೋತನು.

ವರ್ಷದ ಕೊನೆಗೆ ಮಾರಿಷಸ್ಸಿನಿಂದ ಫ್ರೆಂಚ್ ಪಡೆ ಮತ್ತೆ ಹೊರಟಾಗಲೂ ಅಧಿಪತಿ ದೋರ್ವನೇ. ಆದರೆ ಈ ಬಾರಿ ಫ್ರಾನ್ಸಿನಿಂದ ಹೊಸದಾಗಿ ಬಂದಿದ್ದ ಪಿಯೆರ್ ಆಂದ್ರೆ ದ ಸಫ್ರೆನ್ ಅವನ ಕೆಳಗಿನ ಎರಡನೆಯ ಸ್ಥಾನದಲ್ಲಿದ್ದನು. ದಾರಿಯಲ್ಲಿಯೇ ದೋರ್ವ್ ಹಾಸಿಗೆ ಹಿಡಿದನು. 1782ರ ಫೆಬ್ರವರಿ 9ರಂದು ಅವನು ತೀರಿಕೊಂಡನು. ಪ್ಯಾರಿಸ್ಸಿಗೆ ಪತ್ರ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕಾಗಿದ್ದ ಕಾಲವದು. ಆದರೆ ಯಾವ ಉತ್ತರಕ್ಕೂ ಕಾಯಬೇಕಾಗಿರಲಿಲ್ಲ. ಯಾರು ಎರಡನೆಯವರೆಂಬುದು ಮೊದಲೇ ಗೊತ್ತಿತ್ತು. ಸಫ್ರೆನ್ ಪಡೆಯ ಹೊಣೆ ಹೊತ್ತನು. ದೋರ್ವ್ ತೀರಿಕೊಂಡ 8ನೆಯ ದಿನ, ಫೆಬ್ರವರಿ 17ರಂದು ಸದ್ರಾಸಿನ ಬಳಿ ಹ್ಯೂಸನ ಹಡಗುಗಳ ಮೇಲೆ ಅವನ ಫಿರಂಗಿಗಳು ಗುಂಡು ಸುರಿಸುತ್ತಿದ್ದವು.

ಆ ಒಂದೇ ವರ್ಷದಲ್ಲಿ ಅವರಿಬ್ಬರ ನಡುವೆ 4 ಕದನಗಳು ನಡೆದವು: ಫೆಬ್ರವರಿಯಲ್ಲಿ ಸದ್ರಾಸ್, ಏಪ್ರಿಲ್ 12ರಂದು ಪ್ರೊವಿಡಿಯನ್, ಜುಲೈ 6ರಂದು ನಾಗಪಟ್ಟಣ, ಸೆಪ್ಟೆಂಬರ್ 3ರಂದು ತ್ರಿಂಕೋಮಲಿ. ಹತ್ತಿರದಲ್ಲಿ ತನ್ನದೆಂಬ ದುರಸ್ತಿ ಬಂದರು ಇಲ್ಲದೆ, ಮುರಿದ ಕೂವೆಮರಗಳನ್ನು ಇದ್ದಲ್ಲಿಯೇ ಸರಿಪಡಿಸಿಕೊಳ್ಳುತ್ತ ಸಫ್ರೆನ್ ಕಡಲಿನಲ್ಲಿ ಉಳಿದನು. ನಾಗಪಟ್ಟಣದ ಕದನದ ನಂತರ ಕಡಲೂರಿನ ಸಮೀಪ ಹೈದರನು ಅವನನ್ನು ಬರಮಾಡಿಕೊಂಡು ಸತ್ಕರಿಸಿದನು. ತನ್ನನ್ನು ಬಿಟ್ಟುಹೋದ ಅಧಿಪತಿಯನ್ನೂ ಬಿಡದೆ ನಿಂತ ಉಪಾಧಿಪತಿಯನ್ನೂ ಹೈದರನು ಒಂದೂವರೆ ವರ್ಷದ ಅಂತರದಲ್ಲಿ ಕಂಡಂತಾಯಿತು. ಅದೇ ಡಿಸೆಂಬರ್ 7ರಂದು ಹೈದರನು ತೀರಿಕೊಂಡನು.

ಸಫ್ರೆನ್‌ನ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇದೆ. ಎರಡನೆಯವನಾಗಿದ್ದಾಗ ಮೇಲಿನವನ ಹಿಂಜರಿಕೆಯನ್ನು ಸಹಿಸದಿದ್ದ ಅವನು ಮೊದಲನೆಯವನಾದ ಮೇಲೆ ತನ್ನ ಮನಸ್ಸಿನ ಯೋಜನೆಯನ್ನು ಕೈಕೆಳಗಿನವರಿಗೆ ಬಿಡಿಸಿ ಹೇಳುವ ತಾಳ್ಮೆ ತೋರಲಿಲ್ಲ. ಸಂಜ್ಞೆಯ ಬಾವುಟ ಏರಿಸಿದೊಡನೆ ಎಲ್ಲರಿಗೂ ಅರ್ಥವಾಗಬೇಕೆಂಬುದು ಅವನ ನಿರೀಕ್ಷೆ. ಕದನದ ನಡುವೆ ಹಲವು ಹಡಗುಗಳು ದೂರವೇ ಉಳಿದವು. ತ್ರಿಂಕೋಮಲಿಯ ಬಳಿಕ ಹಿರಿಯ ಕಪ್ತಾನ ಟ್ರಾಮೆಲಿನ್ ಸೇರಿದಂತೆ ಕೆಲವರು ಪಡೆಯನ್ನೇ ತೊರೆದು ಹೋದರು. ತಾನು ತುಂಬಿದ ಸ್ಥಾನವನ್ನು ಇನ್ನೊಬ್ಬರಿಂದ ತುಂಬಿಸುವುದು ಅವನಿಂದಾಗಲಿಲ್ಲ ಎಂದೇ ಹೇಳಬೇಕಾಗುತ್ತದೆ.

ತಂದೆಯ ಅನುಭವವನ್ನು ಕಂಡಿದ್ದ ಟಿಪ್ಪು ಸುಲ್ತಾನ್ ವಿಷಯವನ್ನು ಲಿಖಿತ ರೂಪಕ್ಕೆ ತಂದನು. 1796ಕ್ಕೆ ಮುಂಚೆ ಮೈಸೂರಿನ ಹಡಗುಗಳು ವಾಣಿಜ್ಯ ಇಲಾಖೆಯ ಅಧೀನದಲ್ಲಿದ್ದವು. ಆ ಇಲಾಖೆಗೆ ‘ಮಲಿಕ್-ಉತ್-ತುಜ್ಜಾರ್’ ಎಂಬ ಹೆಸರೇ ಇತ್ತು ಎಂಬುದನ್ನು ಬೀದರಿನ ಓದುಗರು ಗಮನಿಸದೆ ಇರಲಾರರು. 1796ರ ಹುಕುಂನಾಮೆಯಿಂದ ನೌಕಾಖಾತೆ ಬೇರೆಯಾಯಿತು. 11 ಮಂದಿ ‘ಮೀರ್ ಯಮ್’ಗಳ ಮಂಡಳಿ ಮೇಲೆ, ಅದರ ಕೆಳಗೆ 30 ಮಂದಿ ‘ಮೀರ್ ಬಹರ್’ಗಳು. ಇವರಲ್ಲಿ 20 ಮಂದಿ ಹಡಗುಗಳ ತಂಡಗಳೊಂದಿಗೆ ಕಡಲಿನಲ್ಲಿರತಕ್ಕದ್ದು. ಉಳಿದ 10 ಮಂದಿ ಶ್ರೀರಂಗಪಟ್ಟಣದಲ್ಲಿ ಶಿಕ್ಷಣ ಪಡೆಯುತ್ತಿರತಕ್ಕದ್ದು. ಅಂದರೆ ಕಡಲಿನಲ್ಲಿ ಸ್ಥಾನ ತೆರವಾದರೆ ತುಂಬಲು ತರಬೇತಾದ ಮೂರನೆಯ ಒಂದು ಪಾಲು ಅಧಿಕಾರಿಗಳು ರಾಜಧಾನಿಯಲ್ಲಿ ಸಿದ್ಧರಿರುತ್ತಿದ್ದರು. ಇಂದಿನ ದೊಡ್ಡ ಕಂಪನಿಗಳು ಉತ್ತರಾಧಿಕಾರ ಯೋಜನೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದನ್ನೇ.

ಒಂದೊಂದು ಹಡಗಿನೊಳಗೂ ಹೊಣೆಯನ್ನು ಹಂಚಲಾಗಿತ್ತು. ದೊಡ್ಡ ಹಡಗಿಗೆ 4 ಮಂದಿ ಸರದಾರರು. ಒಟ್ಟು ಆಡಳಿತ ಮೊದಲನೆಯವನದು. ಫಿರಂಗಿ, ಮದ್ದುಗುಂಡು ಎರಡನೆಯವನದು. ಹಡಗಿನ ಸಿಪಾಯಿಗಳು ಮತ್ತು ಕೈಬಂದೂಕುಗಳು ಮೂರನೆಯವನವು. ಖಲಾಸಿಗಳೂ ಹಡಗಿನ ಸಲಕರಣೆಗಳೂ ನಾಲ್ಕನೆಯವನ ಕೈಯಲ್ಲಿ. ಇಲ್ಲಿ ಎರಡನೆಯವನು ಮೊದಲನೆಯವನ ನೆರಳಲ್ಲ. ಅವನಿಗೆ ತನ್ನದೇ ಖಾತೆಯಿದೆ, ಅದಕ್ಕೆ ಅವನೇ ಜವಾಬು ಹೇಳಬೇಕು. ಮಂಗಳೂರು, ಮಿರ್ಜಾನ ಹಿನ್ನೀರು ಮತ್ತು ಸದಾಶಿವಗಡಗಳಲ್ಲಿ ಹಡಗು ಕಟ್ಟುವ ಯೋಜನೆಯಿತ್ತು. ಸುಮಾರು 40 ಯುದ್ಧನೌಕೆಗಳ ಆ ಪಡೆ ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ವಿಜೇತರ ಕೈಗೆ ಸಿಕ್ಕ ಕಾಗದಪತ್ರಗಳ ನಡುವೆ ಆ ನಿಯಮಾವಳಿಯೂ ಇತ್ತು. ಅದು ಇಂಗ್ಲಿಷಿಗೆ ಅನುವಾದವಾದುದರಿಂದಲೇ ಮುಂದಿನವರಿಗೆ ತಿಳಿದುಬಂದಿತು.

ಟಿಪ್ಪುವಿನ ನಂತರ 6 ವರ್ಷಗಳಿಗೆ, 1805ರ ಅಕ್ಟೋಬರ್ 9ರಂದು, ಇಂಗ್ಲೆಂಡಿನ ನೆಲ್ಸನ್ ತನ್ನ ಕಪ್ತಾನರಿಗೆ ಒಂದು ಟಿಪ್ಪಣಿ ಬರೆದನು. ಅಧಿಪತಿಯ ಉದ್ದೇಶ ತಿಳಿದ ಮೇಲೆ ತನ್ನ ಸಾಲಿನ ಹಡಗುಗಳ ಸಂಪೂರ್ಣ ನಿರ್ದೇಶನ ಎರಡನೆಯ ಅಧಿಕಾರಿಯದೇ ಎಂದು ಅದರಲ್ಲಿ ಸ್ಪಷ್ಟಪಡಿಸಿದನು. 12 ದಿನಗಳ ಬಳಿಕ ಟ್ರಫಾಲ್ಗರ್ ಕದನದಲ್ಲಿ ವೈಸ್ ಅಡ್ಮಿರಲ್ ಕಾಲಿಂಗ್‌ವುಡ್ ಒಂದು ಸಾಲನ್ನು ನಡೆಸಿ, ನೆಲ್ಸನ್ ಗುಂಡೇಟಿಗೆ ಬಲಿಯಾದಾಗ ಪಡೆಯ ಹೊಣೆಯನ್ನು ವಹಿಸಿಕೊಂಡನು. ಸಫ್ರೆನ್ ಮಾಡದೆ ಬಿಟ್ಟ ಕೆಲಸವನ್ನು ನೆಲ್ಸನ್ ಮಾಡಿದ್ದನು. ನಮ್ಮ ವ್ಯವಹಾರದ ಕಾನೂನು ಈ ವಿಷಯದಲ್ಲಿ ಇನ್ನಷ್ಟು ಕಠಿಣವಾಗಿದೆ ಎಂಬುದನ್ನು ಇಲ್ಲಿ ನೆನಪಿಸಬಹುದು. 1872ರ ಕರಾರು ಅಧಿನಿಯಮದ 201ನೆಯ ಕಲಮಿನಂತೆ ಯಜಮಾನನು ಸತ್ತೊಡನೆ ಪ್ರತಿನಿಧಿಯ ಅಧಿಕಾರವೂ ಕೊನೆಗೊಳ್ಳುತ್ತದೆ. ಮುನೀಮನ ಕೈಯಲ್ಲಿರುವ ಸಾಮಾನ್ಯ ಮುಖ್ತ್ಯಾರ್‌ನಾಮೆ ಅಲ್ಲಿಂದ ಮುಂದೆ ಬ್ಯಾಂಕಿನಲ್ಲಿ ನಡೆಯುವುದಿಲ್ಲ. 1932ರ ಪಾಲುದಾರಿಕೆ ಅಧಿನಿಯಮದ 42ನೆಯ ಕಲಮಿನಂತೆ ಪಾಲುದಾರನೊಬ್ಬನ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುತ್ತದೆ, ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಹೊರತು. ಬರೆದಿಡದ ಪತ್ರಗಳೇ ಹೆಚ್ಚು ಎಂಬುದು ಲೆಕ್ಕಪರಿಶೋಧಕರೆಲ್ಲರ ಅನುಭವ.

ಸ್ವತಂತ್ರ ಭಾರತದಲ್ಲಿ ಈ ಹುದ್ದೆ ಮೊದಲು ಪಾಠಶಾಲೆಯಾಯಿತು. 1947ರ ಆಗಸ್ಟ್ 15ರಂದು ನೌಕಾಪಡೆಯ ಮುಖ್ಯಸ್ಥನಾದವನು ರಿಯರ್ ಅಡ್ಮಿರಲ್ ಹಾಲ್ ಎಂಬ ಬ್ರಿಟಿಷ್ ಅಧಿಕಾರಿ. ಭೂಸೇನೆಗೆ ಕೊಡಗಿನ ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಮೊದಲ ಭಾರತೀಯ ದಂಡನಾಯಕರಾದರು. ವಾಯುಸೇನೆಗೆ 1954ರಲ್ಲಿ ಸುಬ್ರತೋ ಮುಖರ್ಜಿ. ನೌಕಾಪಡೆಯ ಮೇಲಿನ ಪೀಠ ಮಾತ್ರ 1958ರವರೆಗೂ ಬ್ರಿಟಿಷರ ಕೈಯಲ್ಲಿತ್ತು. ದೊಡ್ಡ ಹಡಗುಗಳನ್ನೂ ಅವುಗಳ ತಂಡಗಳನ್ನೂ ನಡೆಸಿ ಪಳಗಿದ ಹಿರಿಯ ಭಾರತೀಯ ಅಧಿಕಾರಿಗಳು ಆಗ ಸಾಕಷ್ಟು ಇರಲಿಲ್ಲ ಎಂಬುದೇ ಕಾರಣ. ಆ ಅನುಭವ ದೊರೆತದ್ದು ಎರಡನೆಯ ಪೀಠದಲ್ಲಿ. ರಾಮದಾಸ್ ಕಟಾರಿ ಅವರು ದೆಹಲಿಯ ಪ್ರಧಾನ ಕಚೇರಿಯಲ್ಲಿ ಉಪಾಧಿಪತಿಯಾಗಿ ದುಡಿದು, 1956ರಲ್ಲಿ ಭಾರತೀಯ ನೌಕಾತಂಡದ ಮೊದಲ ಭಾರತೀಯ ಅಧಿಪತಿಯಾಗಿ ಕಡಲಿಗಿಳಿದು, 1958ರ ಏಪ್ರಿಲ್ 22ರಂದು ಇಡೀ ಪಡೆಯ ಮುಖ್ಯಸ್ಥರಾದರು. ಅದಕ್ಕೆ ಸ್ವಲ್ಪ ಮೊದಲು, 1957ರ ಆಗಸ್ಟಿನಲ್ಲಿ, ಬ್ರಿಟನ್ನಿನ ‘ನೈಜೀರಿಯಾ’ ಎಂಬ ಕ್ರೂಸರ್ ‘ಐಎನ್‌ಎಸ್ ಮೈಸೂರು’ ಎಂಬ ಹೆಸರಿನಿಂದ ಭಾರತದ ಪಡೆಗೆ ಸೇರಿತ್ತು. ಹೈದರ್, ಟಿಪ್ಪು ಕಟ್ಟಲಾಗದೆ ಹೋದ ಪಡೆಯ ನೆನಪಿಗೆ ಎಂಬಂತೆ ಮೈಸೂರಿನ ಹೆಸರು ಧ್ವಜನೌಕೆಯ ಮೇಲೆ ಬಂದಿತು.

1968ರ ಮಾರ್ಚ್ 1ರಂದು ನೌಕಾಪಡೆಯ ರಚನೆಯೇ ಬದಲಾಯಿತು. ಮುಖ್ಯಸ್ಥರು ಪೂರ್ಣ ಅಡ್ಮಿರಲ್ ದರ್ಜೆಗೆ ಏರಿದರು. ಮುಂಬಯಿ ಮತ್ತು ವಿಶಾಖಪಟ್ಟಣಗಳಲ್ಲಿ ಪಶ್ಚಿಮ, ಪೂರ್ವ ಕಮಾಂಡ್‌ಗಳು ರೂಪುಗೊಂಡವು. ಆ ವರ್ಷಗಳಲ್ಲಿಯೇ ದೆಹಲಿಯ ಎರಡನೆಯ ಹುದ್ದೆ ಡೆಪ್ಯೂಟಿ ಚೀಫ್‌ನಿಂದ ವೈಸ್ ಚೀಫ್ ಮಟ್ಟಕ್ಕೆ ಏರಿತು. ಅದನ್ನು ಮೊದಲು ನಿರ್ವಹಿಸಿದವರಲ್ಲಿ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಒಬ್ಬರು, 1971ರ ಯುದ್ಧದಲ್ಲಿ ಪೂರ್ವ ಕಮಾಂಡ್ ಅವರ ಕೈಯಲ್ಲಿತ್ತು. ಆ ಯುದ್ಧದ ವೇಳೆ ದೆಹಲಿಯಲ್ಲಿ ಅಡ್ಮಿರಲ್ ನಂದಾ ಅವರ ಪಕ್ಕದಲ್ಲಿ ವೈಸ್ ಚೀಫ್ ಆಗಿದ್ದವರು ಜಾಲ್ ಕರ್ಸೆಟ್‌ಜಿ. 1976ರಲ್ಲಿ ಅವರೇ ಮುಖ್ಯಸ್ಥರಾದರು. ಡೆಪ್ಯೂಟಿ ಚೀಫ್ ಎಂಬ ಹೆಸರು ಅಳಿಯಲಿಲ್ಲ. ವೈಸ್ ಚೀಫ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಮುಖ್ಯವಾಗಿ ಕಾರ್ಯಾಚರಣೆಗಳಿಗೆ ಸಂಬಂಧಿಸಿದ ಹುದ್ದೆಯಾಗಿ ಅದು ಉಳಿಯಿತು. ಕನ್ನಡ ಪತ್ರಿಕೆಗಳು ಎರಡನ್ನೂ ‘ಉಪ ಮುಖ್ಯಸ್ಥ’ ಎಂದೇ ಬರೆಯುವುದರಿಂದ ಓದುಗರಿಗೆ ಗೊಂದಲವಾಗುವುದುಂಟು.

ಈ ಡೆಪ್ಯೂಟಿ ಚೀಫ್ ಹುದ್ದೆಯೇ 1998ರಲ್ಲಿ ಸ್ವತಂತ್ರ ಭಾರತ ಕಂಡರಿಯದ ಬಿಕ್ಕಟ್ಟಿಗೆ ಕಾರಣವಾಯಿತು. ಅಂಡಮಾನಿನಲ್ಲಿದ್ದ ವೈಸ್ ಅಡ್ಮಿರಲ್ ಹರಿಂದರ್ ಸಿಂಗ್ ಅವರನ್ನು ಆ ಸ್ಥಾನಕ್ಕೆ ನೇಮಿಸಿ ಡಿಸೆಂಬರ್ 9ರಂದು ಕೇಂದ್ರ ಸಚಿವ ಸಂಪುಟದ ನೇಮಕಾತಿ ಸಮಿತಿ ಆದೇಶ ಹೊರಡಿಸಿತು. ಮುಖ್ಯಸ್ಥರಾಗಿದ್ದ ಅಡ್ಮಿರಲ್ ವಿಷ್ಣು ಭಾಗವತ್ ಆದೇಶವನ್ನು ಜಾರಿಗೊಳಿಸಲು ಒಪ್ಪಲಿಲ್ಲ. ತಮ್ಮ ಕೈಕೆಳಗಿನ ಇಂಥ ಹುದ್ದೆಗೆ ಮುಖ್ಯಸ್ಥರ ಶಿಫಾರಸಿಲ್ಲದೆ ನೇಮಕ ಮಾಡುವುದು ನೌಕಾ ಅಧಿನಿಯಮಕ್ಕೂ ನಿಯಮಗಳಿಗೂ ವಿರುದ್ಧವೆಂಬುದು ಅವರ ವಾದ. ಚುನಾಯಿತ ಸರ್ಕಾರದ ಲಿಖಿತ ಆದೇಶವನ್ನು ಸೇನಾ ಮುಖ್ಯಸ್ಥರು ಧಿಕ್ಕರಿಸಲಾಗದೆಂಬುದು ಸರ್ಕಾರದ ನಿಲುವು. ರಕ್ಷಣಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಡಿಸೆಂಬರ್ 30ರಂದು ಭಾಗವತ್ ಅವರನ್ನು ಸೇವೆಯಿಂದ ವಜಾ ಮಾಡಲಾಯಿತು. ಪದಚ್ಯುತಗೊಂಡ ಮೊದಲ ಸೇನಾ ಮುಖ್ಯಸ್ಥರು ಅವರು. ಅಂದು ದೆಹಲಿಯಲ್ಲಿದ್ದ ಎರಡನೆಯವರು ತಾನಾಗಿಯೇ ಮೇಲೇರಲಿಲ್ಲ. ಕೊಚ್ಚಿಯಲ್ಲಿ ದಕ್ಷಿಣ ಕಮಾಂಡ್ ನಡೆಸುತ್ತಿದ್ದ ಸುಶೀಲ್ ಕುಮಾರ್ ಅವರನ್ನು ಕರೆಸಿ ಅಧಿಕಾರ ಒಪ್ಪಿಸಲಾಯಿತು.

ಈ ಪ್ರಕರಣದಲ್ಲಿ ಯಾರದು ಸರಿ ಎಂಬ ಚರ್ಚೆ ಸಂಸತ್ತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಬಹುಕಾಲ ನಡೆಯಿತು. ಇಲ್ಲಿ ಗಮನಿಸಬೇಕಾದುದು ಬೇರೆ. ಮೊದಲನೆಯವನಿಗೆ ಎರಡನೆಯವನನ್ನು ಆರಿಸಿಕೊಳ್ಳುವ ಹಕ್ಕು ಎಷ್ಟು, ಅವನನ್ನು ಕೊಡುವ ಹಕ್ಕು ಒಡೆಯನಿಗೆ ಎಷ್ಟು ಎಂಬ ಗೆರೆ ಎರಡೂ ಕಡೆಯವರಿಗೆ ಒಪ್ಪಿಗೆಯಾಗುವಷ್ಟು ತಿಳಿಯಾಗಿ ಎಳೆದಿರಲಿಲ್ಲ. ಹೈದರನು ಕುದುರೆ ಸರದಾರನನ್ನು ಹಡಗುಗಳ ಮೇಲೆ ಕೂರಿಸಿದಾಗಲೂ ಕಪ್ತಾನರನ್ನು ಯಾರೂ ಕೇಳಿರಲಿಲ್ಲ. ಅಂದು ಹಡಗುಗಳು ಹೋದವು. 1998ರಲ್ಲಿ ಮುಖ್ಯಸ್ಥರ ಹುದ್ದೆ ಹೋಯಿತು, ಆದರೆ ಪಡೆ ಅಲುಗಾಡಲಿಲ್ಲ. ಎರಡು ಶತಮಾನಗಳಲ್ಲಿ ಅಷ್ಟು ಬದಲಾವಣೆಯಾಗಿತ್ತು.

ವೈಸ್ ಚೀಫ್ ಹುದ್ದೆಗೆ ಇಂದು ನಿಜವಾದ ತೂಕ ಬಂದಿರುವುದು ಹಣದಿಂದ. ಮುಂದಿನ ಯೋಜನೆಗಳು, ಖರೀದಿ, ಆಯವ್ಯಯ ಇವು ಆ ಕಚೇರಿಯ ಮುಖ್ಯ ಕೆಲಸ. 2021ರಲ್ಲಿ ರಕ್ಷಣಾ ಸಚಿವಾಲಯ ಹಣಕಾಸಿನ ಅಧಿಕಾರ ವಿಕೇಂದ್ರೀಕರಣದ ಹೊಸ ಆದೇಶ ಹೊರಡಿಸಿದಾಗ ಮೂರೂ ಸೇನೆಗಳ ವೈಸ್ ಚೀಫ್‌ಗಳ ವಿಶೇಷ ಅಧಿಕಾರವನ್ನು ಶೇಕಡಾ 10ರಷ್ಟು ಹೆಚ್ಚಿಸಿ, ಒಟ್ಟು ಮಿತಿಯನ್ನು 500 ಕೋಟಿ ರೂಪಾಯಿಗೆ ನಿಗದಿಪಡಿಸಿತು. ಮೇಲಿನವರು ಊರಿನಲ್ಲಿರಲಿ ಇಲ್ಲದಿರಲಿ, ಆ ಮಿತಿಯೊಳಗಿನ ಸಹಿ ಎರಡನೆಯವರದೇ. ಬಹಾದೂರ್ ಗೀಲಾನಿಗೆ ಯಾರೂ ಬರೆದುಕೊಡದ ಅಧಿಕಾರಪತ್ರ ಇದು. ಮೇಲೆ ಲೆಕ್ಕಪರಿಶೋಧನೆಯೂ ಇದೆ.

ಈ ಪೀಠದಲ್ಲಿ ಕೆಲವರು ಬಹುಕಾಲ ಕುಳಿತಿದ್ದಾರೆ, ಕೆಲವರು ಬಂದಷ್ಟೇ ಬೇಗ ಮೇಲೇರಿದ್ದಾರೆ. ವೈಸ್ ಅಡ್ಮಿರಲ್ ದಿನೇಶ್ ತ್ರಿಪಾಠಿ 2024ರ ಜನವರಿಯಲ್ಲಿ ವೈಸ್ ಚೀಫ್ ಆಗಿ, ನಾಲ್ಕು ತಿಂಗಳು ತುಂಬುವ ಮೊದಲೇ ಮುಖ್ಯಸ್ಥರಾದರು. ಮೇ 1ರಂದು ಅವರಿಂದ ತೆರವಾದ ಸ್ಥಾನಕ್ಕೆ ಬಂದ ವೈಸ್ ಅಡ್ಮಿರಲ್ ಕೃಷ್ಣಾ ಸ್ವಾಮಿನಾಥನ್ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. 1963ರಲ್ಲಿ ಆರಂಭವಾದ ಆ ಶಾಲೆಯೂ ಸಮುದ್ರದಿಂದ ದೂರದ ಒಣ ನೆಲದಲ್ಲಿದೆ. ಹಳೆಯ ಕ್ರೂಸರಿನ ನಂತರ ಅದೇ ಹೆಸರು ಹೊತ್ತು 1999ರಲ್ಲಿ ಪಡೆಗೆ ಸೇರಿದ ಎರಡನೆಯ ‘ಐಎನ್‌ಎಸ್ ಮೈಸೂರು’ ನೌಕೆಯನ್ನು ಸ್ವಾಮಿನಾಥನ್ ಹಿಂದೆ ನಡೆಸಿದ್ದರು. 2025ರ ಜುಲೈ 31ರಂದು ಅವರು ಪಶ್ಚಿಮ ನೌಕಾ ಕಮಾಂಡ್‌ನ ಅಧಿಪತಿಯಾಗಿ ಮುಂಬಯಿಗೆ ತೆರಳಿದರು. ಕಾರವಾರದ ದಕ್ಷಿಣಕ್ಕೆ ಅರಗಾದಲ್ಲಿ 2005ರಲ್ಲಿ ಕಾರ್ಯಾರಂಭ ಮಾಡಿದ ‘ಐಎನ್‌ಎಸ್ ಕದಂಬ’ ನೆಲೆ ಆ ಕಮಾಂಡ್‌ಗೆ ಸೇರಿದ್ದು. ಟಿಪ್ಪು ಹಡಗು ಕಟ್ಟಿಸಹೊರಟ ಸದಾಶಿವಗಡ ಅಲ್ಲಿಂದ ಹೆಚ್ಚು ದೂರವಿಲ್ಲ, ಕಾಳಿ ನದಿಯ ಆಚೆ ದಡದಲ್ಲಿದೆ.